ಹಳೇ ಬಾಗಲಕೋಟೆ ಪೇಟೆಗೆ ತಿಂಗಳಿಗೊಂದು ಬೀದಿ ಸಂತೆ ಬೇಕು

ಸಂಪಾದಕರಿಗೆ,

ಮಾನ್ಯರೇ,

ಹೋಳಿ ಬಂದರೆ ನಮ್ಮ ಹಳೇ ಬಾಗಲಕೋಟೆ ಪೇಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಲಗಿ ಮೇಳ, ಸೋಗಿನ ಬಂಡಿ, ಬ್ಯಾರೆಲ್‌ಗಟ್ಟಲೆ ಬಣ್ಣ. ಅದೇ ಹೊತ್ತಿಗೆ ಅಂಗಡಿಗಳ ಕಡೆ ನೋಡಿ. ಶಟರ್ ಇಳಿದಿರುತ್ತವೆ, ಬೋರ್ಡಿಗೆ ತಾಡಪತ್ರಿ ಕಟ್ಟಿರುತ್ತಾರೆ, ಕೀಲಿಗೂ ಪ್ಲಾಸ್ಟಿಕ್ ಚೀಲ ಸುತ್ತಿರುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಬಣ್ಣ ಬಿದ್ದ ಸೀರೆ ಯಾರು ಕೊಳ್ಳುತ್ತಾರೆ? ಹೋಳಿ ಹೋಳಿಯಾಗಿಯೇ ಇರಲಿ. ಆದರೆ ಜನ ಸೇರಿದ ಮಾತ್ರಕ್ಕೆ ವ್ಯಾಪಾರ ಆಗುವುದಿಲ್ಲ ಎಂಬುದು ಇಲ್ಲೇ ಕಾಣುತ್ತದೆ.

ಪೇಟೆ ಏಕೆ ಸೊರಗಿತು ಅಂತ ಈ ಊರಿನವರಿಗೆ ಹೇಳಬೇಕಿಲ್ಲ. ಆಲಮಟ್ಟಿ ಹಿನ್ನೀರು ಬಂತು, ಮುಳುಗಡೆ ಓಣಿಗಳ ಜನ ಹೊಸದಾಗಿ ಕಟ್ಟಿದ ನವನಗರ ಸೇರಿದರು. 1997ರಲ್ಲಿ ಜಿಲ್ಲೆಯಾಯಿತು, ಜಿಲ್ಲಾ ಕಚೇರಿಗಳೂ ಅಲ್ಲೇ ಆದವು. ಕಚೇರಿ ಕೆಲಸಕ್ಕೆ ಬಂದ ಹಳ್ಳಿಯವರು ಅಲ್ಲೇ ಚಹಾ ಕುಡಿದು, ಅಲ್ಲೇ ಸಾಮಾನು ಕೊಂಡು ಬಸ್ ಹತ್ತುತ್ತಾರೆ. ಹಳೇ ಪೇಟೆಗೆ ಬರಲು ಅವರಿಗೊಂದು ಕಾರಣ ಬೇಕಲ್ವಾ?

ತಿಂಗಳಿಗೊಂದು ಭಾನುವಾರ ಸಂಜೆ ವಲ್ಲಭಭಾಯಿ ಚೌಕದ ಸುತ್ತ ವಾಹನ ಬಂದ್ ಮಾಡಿ ಬೀದಿ ಸಂತೆ ನಡೆಸಬಹುದು. ಬೆಂಗಳೂರಿನ ಕುಮಾರಕೃಪ ರಸ್ತೆಯಲ್ಲಿ 2003ರಿಂದ ಚಿತ್ರಸಂತೆ ನಡೆಯುತ್ತಿದೆ. ಕಲಾವಿದರೇ ರಸ್ತೆ ಬದಿ ಕೂತು ತಮ್ಮ ಚಿತ್ರ ಮಾರುತ್ತಾರೆ. ಬಸವನಗುಡಿಯ ಕಡಲೆಕಾಯಿ ಪರಿಷೆಯೂ ಅಷ್ಟೇ. ಏನು ಸಿಗುತ್ತದೆ ಅಂತ ಹೋಗುವವರಿಗೆ ಮೊದಲೇ ಗೊತ್ತಿರುತ್ತದೆ.

ನಮ್ಮಲ್ಲಿ ಸರಕಿಗೇನು ಬರ? ಇಳಕಲ್ ಸೀರೆ, ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ) ಎರಡಕ್ಕೂ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಎರಡೂ ನಮ್ಮ ಜಿಲ್ಲೆಯವೇ. ಚೌಕದಲ್ಲಿ ನೇಕಾರರೊಬ್ಬರನ್ನು ಕೂರಿಸಿ, ಇಳಕಲ್ ಸೀರೆಯ ಮೈ ಹಾಸಿನ (ಮಗ್ಗದಲ್ಲಿ ಉದ್ದಕ್ಕೆ ಬಿಗಿದ) ಎಳೆಗಳನ್ನು ಸೆರಗಿನ ಹಾಸಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುವುದನ್ನು ತೋರಿಸಲಿ. ಅದನ್ನು ಒಮ್ಮೆ ಕಣ್ಣಾರೆ ಕಂಡವರು ಕೈಮಗ್ಗದ ಸೀರೆ ಹಿಡಿದು ‘ಇಷ್ಟು ಜಾಸ್ತಿ ಯಾಕೆ’ ಅಂತ ಚೌಕಾಸಿ ಮಾಡುವುದಿಲ್ಲ. ಪಕ್ಕದಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಇದ್ದರೆ ಮನೆಮಂದಿಯೆಲ್ಲ ಬರುತ್ತಾರೆ. ಹಲಗಿಯೂ ಇರಲಿ, ಒಂದು ಗಂಟೆ ಸಾಕು.

ಎರಡು ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಹೊರಗಿನ ಗುತ್ತಿಗೆದಾರರಿಗೆ ಜಾಗ ಕೊಟ್ಟು ಬಾಡಿಗೆ ಎತ್ತುವ ‘ಎಕ್ಸಿಬಿಷನ್’ ಇದಾಗಬಾರದು. ಹಾಗಾದರೆ ಪೇಟೆಯ ಗಿರಾಕಿ ಪೇಟೆಗೇ ಸಿಗುವುದಿಲ್ಲ. ಇಲ್ಲಿನ ಅಂಗಡಿಯವರು ತಮ್ಮ ಕಟ್ಟೆ ಮುಂದೆಯೇ ಸರಕು ಹರಡಲಿ, ಉಳಿದ ಜಾಗ ನೇಕಾರರಿಗೆ, ರೊಟ್ಟಿ ಮಾಡುವ ಸ್ವಸಹಾಯ ಸಂಘಗಳಿಗೆ ಸಿಗಲಿ. ಇನ್ನೊಂದು, ವೇದಿಕೆ ಬೇಡವೇ ಬೇಡ. ವೇದಿಕೆ ಬಂದರೆ ಶಾಲು, ಹಾರ, ಭಾಷಣ ತಾನಾಗಿಯೇ ಬರುತ್ತವೆ. ಭಾಷಣ ಮುಗಿಯುವಷ್ಟರಲ್ಲಿ ಹಳ್ಳಿಯ ಕೊನೇ ಬಸ್ ಹೋಗಿರುತ್ತದೆ.

ವರ್ಷಕ್ಕೊಮ್ಮೆ ದೊಡ್ಡ ಉತ್ಸವ ಮಾಡಿ ಸುಮ್ನೆ ಕೂರುವುದಕ್ಕಿಂತ ಪ್ರತಿ ತಿಂಗಳು ಸಣ್ಣದಾಗಿ ನಡೆಸುವುದು ವಾಸಿ. ಜನರಿಗೆ ಬರುವ ರೂಢಿ ಬೀಳಬೇಕು. ಇದರಿಂದ ಹೋದ ಓಣಿಗಳೇನೂ ತಿರುಗಿ ಬರುವುದಿಲ್ಲ. ಆದರೆ ಇರುವ ಅಂಗಡಿಗಳಿಗೆ ಹೊಸ ಮುಖದ ಗಿರಾಕಿ ಸಿಕ್ಕಾರು.

ನಗರಸಭೆ ದೀಪ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯದ ವ್ಯವಸ್ಥೆ ಮಾಡಿಕೊಡಲಿ. ನವನಗರದಿಂದ ಸಂಜೆ ಹೆಚ್ಚು ಬಸ್ ಬಿಟ್ಟರೆ ಇನ್ನೂ ಒಳ್ಳೆಯದು. ವ್ಯಾಪಾರಸ್ಥರ ಪಾಲಿಗೂ ಒಂದು ಕೆಲಸ ಇದೆ. ಬೆಳಗಿನಿಂದ ರಾತ್ರಿತನಕ ಅಂಗಡಿ ಮುಂದೆಯೇ ನಿಲ್ಲುವ ತಮ್ಮ ಬೈಕುಗಳನ್ನು ಆ ಒಂದು ಸಂಜೆಯಾದರೂ ಬೇರೆ ಕಡೆ ಇಡಬೇಕು.

— ಒಬ್ಬ ಓದುಗ, ಹಳೇ ಬಾಗಲಕೋಟೆ