ಓದಿ ಹೇಳದೆ ಸಹಿ ಇಲ್ಲ: ನಮ್ಮ ಕಕ್ಷಿದಾರರಿಗೆ ಪತ್ರ

ಆತ್ಮೀಯ ಕಕ್ಷಿದಾರರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ವಲಸೆ ವಕೀಲರ ಕಚೇರಿಯ ಕೆಲಸದ ಕ್ರಮ ಬದಲಾಗುತ್ತಿದೆ. ವರ್ಕ್ ಪರ್ಮಿಟ್ ಇರಲಿ, ಪಿಆರ್ (ಕಾಯಂ ವಾಸದ ಅನುಮತಿ) ಇರಲಿ, ತಾಯ್ನಾಡಿನ ಕಿರುಕುಳದಿಂದ ರಕ್ಷಣೆ ಬೇಡುವ ಆಶ್ರಯ ಕೋರಿಕೆ ಇರಲಿ, ಯಾವ ಅರ್ಜಿಯನ್ನೇ ಆಗಲಿ ಅರ್ಜಿದಾರರಿಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ಹೇಳದೆ ಸಹಿ ಹಾಕಿಸುವುದಿಲ್ಲ, ಕಳಿಸುವುದೂ ಇಲ್ಲ. ಇದುವರೆಗೆ ಆಶ್ರಯದ ಪ್ರಕರಣಗಳಲ್ಲಿ ಮಾತ್ರ ಹೀಗೆ ಮಾಡುತ್ತಿದ್ದೆವು. ಇನ್ನು ಎಲ್ಲಕ್ಕೂ ಇದೇ ಕ್ರಮ. ಜೊತೆಗೆ ಇನ್ನೆರಡು ವಿಷಯ. ಮಧ್ಯವರ್ತಿಗಳು ತುಂಬಿ ತಂದ ಫಾರಂಗಳನ್ನು ನಾವು ಹಾಗೇ ಕಳಿಸಿಕೊಡುವುದಿಲ್ಲ. ಆಶ್ರಯದ ಪ್ರಕರಣಗಳಲ್ಲಿ ಮನೆಯವರು, ನೆಂಟರು, ಪರಿಚಯಸ್ಥರು ದುಭಾಷಿಗಳಾಗಿ ಕೂರುವಂತಿಲ್ಲ.

ಇದರಿಂದ ಕೆಲಸ ನಿಧಾನವಾಗುತ್ತದೆ ಎಂದು ಮೊದಲೇ ಹೇಳಿಬಿಡುತ್ತೇವೆ. ಒಂದು ಭೇಟಿಯಲ್ಲಿ ಮುಗಿಯುತ್ತಿದ್ದ ಅರ್ಜಿಗೆ ಎರಡು ಮೂರು ಭೇಟಿ ಬೇಕಾಗಬಹುದು. ಹೊಸ ಪ್ರಕರಣಗಳನ್ನು ಈಗಿನಷ್ಟು ತೆಗೆದುಕೊಳ್ಳಲು ಆಗುವುದಿಲ್ಲ. ಓದಿ ಹೇಳುವ ಸಮಯಕ್ಕೆ ನಾವು ಪ್ರತ್ಯೇಕ ಶುಲ್ಕ ಕೇಳುವುದಿಲ್ಲ. ಆದರೆ ಆ ಸಮಯವನ್ನು ನೀವೂ ಕೊಡಬೇಕು. ಕೆಲಸಕ್ಕೆ ರಜೆ ಹಾಕಿ, ಮಕ್ಕಳನ್ನು ಯಾರಿಗೋ ಒಪ್ಪಿಸಿ ಬರುವವರಿಗೆ ಅದು ಸಣ್ಣ ಮಾತಲ್ಲ. ಹಾಗಾಗಿ ಯಾಕೆ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇವೆ.

ಬೇರೆಡೆ ತಯಾರಾಗಿ, ತಿರಸ್ಕೃತವಾಗಿ, ಮೇಲ್ಮನವಿಗೆಂದು ನಮ್ಮ ಬಳಿ ಬರುವ ಕಡತಗಳನ್ನು ತೆರೆದಾಗ ಮತ್ತೆ ಮತ್ತೆ ಕಾಣುವುದು ಒಂದೇ. ಅರ್ಜಿದಾರರಿಗೆ ತಮ್ಮದೇ ಅರ್ಜಿಯಲ್ಲಿ ಏನಿದೆ ಎಂದು ಗೊತ್ತಿರುವುದಿಲ್ಲ. ಕೊನೆಯ ಪುಟದಲ್ಲಿ ‘ಮೇಲೆ ಹೇಳಿದ್ದೆಲ್ಲವೂ ಸತ್ಯ’ ಎಂಬ ಘೋಷಣೆ ಇರುತ್ತದೆ, ಅದರ ಕೆಳಗೆ ಅವರ ಸಹಿಯೂ ಇರುತ್ತದೆ. ‘ಏಜೆಂಟ್ ತುಂಬಿದ್ದು, ನನಗೆ ಗೊತ್ತಿಲ್ಲ’ ಎಂಬ ಉತ್ತರವನ್ನು ಅಧಿಕಾರಿಗಳೂ ನ್ಯಾಯಾಲಯಗಳೂ ಬಹಳ ವಿರಳವಾಗಿ ಒಪ್ಪುತ್ತವೆ. ಸುಳ್ಳು ಮಾಹಿತಿ ಕೊಟ್ಟಿದ್ದೀರಿ ಎಂದು ತೀರ್ಮಾನವಾದರೆ ಕೆನಡಾದಲ್ಲಿ 5 ವರ್ಷ ಬಾಗಿಲು ಮುಚ್ಚುತ್ತದೆ. ಬ್ರಿಟನ್‌ನಲ್ಲಿ ಅದು 10 ವರ್ಷದವರೆಗೂ ಹೋಗುತ್ತದೆ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ 3 ವರ್ಷ, ಗುರುತಿನ ವಿಷಯದಲ್ಲಾದರೆ 10. ಅಮೆರಿಕದಲ್ಲಿ ವಿನಾಯಿತಿ ಸಿಗದಿದ್ದರೆ ಆಜೀವ ನಿರ್ಬಂಧ.

ಹೆಚ್ಚಿನ ಕಡತಗಳಲ್ಲಿ ಆ ‘ಸುಳ್ಳು’ ದೊಡ್ಡದೇನೂ ಆಗಿರುವುದಿಲ್ಲ. ‘ಹಿಂದೆ ಯಾವುದಾದರೂ ದೇಶ ನಿಮಗೆ ವೀಸಾ ನಿರಾಕರಿಸಿದೆಯೇ?’ ಎಂಬ ಪ್ರಶ್ನೆಯನ್ನೇ ನೋಡಿ. ನಿರಾಕರಣೆಯನ್ನು ಒಪ್ಪಿಕೊಂಡರೆ ಕೆಲಸ ಕೆಡುತ್ತದೆಂದು ಮಧ್ಯವರ್ತಿ ‘ಇಲ್ಲ’ ಎಂದು ಗುರುತು ಹಾಕುತ್ತಾನೆ. ಹಳೆಯ ನಿರಾಕರಣೆಯೊಂದರಿಂದಲೇ ಅರ್ಜಿ ಬೀಳುವುದು ಅಪರೂಪ, ಅದನ್ನು ಬಚ್ಚಿಟ್ಟಿದ್ದರಿಂದ ಬೀಳುತ್ತದೆ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ವಲಸೆ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುತ್ತವೆ. ಒಂದು ದೇಶದಲ್ಲಿ ಕೊಟ್ಟ ಬೆರಳಚ್ಚು ಇನ್ನೊಂದು ದೇಶದ ಅಧಿಕಾರಿಯ ಪರದೆಯ ಮೇಲೆ ಬರಬಹುದು. ಆ ಒಂದು ಪ್ರಶ್ನೆಯನ್ನು ಅರ್ಜಿದಾರರಿಗೆ ಅವರ ಭಾಷೆಯಲ್ಲಿ ಯಾರಾದರೂ ಓದಿ ಹೇಳಿದ್ದರೆ, ‘ಹೌದು, ಒಮ್ಮೆ ನಿರಾಕರಿಸಿದ್ದರು’ ಎಂದು ಅವರೇ ಹೇಳುತ್ತಿದ್ದರು.

ಮಧ್ಯವರ್ತಿಗಳ ಬಗ್ಗೆ ನಮ್ಮ ನಿಲುವು ಗಟ್ಟಿಯಾಗಿದೆ. ದುಡ್ಡು ಪಡೆದು ವಲಸೆ ಸಲಹೆ ಕೊಡಲು ಎಲ್ಲರಿಗೂ ಅಧಿಕಾರವಿಲ್ಲ. ಕೆನಡಾದಲ್ಲಿ ವಕೀಲರು, ಪರವಾನಗಿ ಪಡೆದ ಸಲಹೆಗಾರರು, ಕ್ವಿಬೆಕ್ ಪ್ರಾಂತ್ಯದ ನೋಟರಿಗಳು ಮುಂತಾದವರಿಗಷ್ಟೇ ಅದಕ್ಕೆ ಅನುಮತಿ. ಅಮೆರಿಕದಲ್ಲಿ ವಕೀಲರು ಮತ್ತು ಸರ್ಕಾರದ ಮಾನ್ಯತೆ ಪಡೆದ ಪ್ರತಿನಿಧಿಗಳು. ಬ್ರಿಟನ್‌ನಲ್ಲಿ ವಕೀಲರಲ್ಲದ ಸಲಹೆಗಾರರು ನಿಯಂತ್ರಣ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡಿರಬೇಕು. ‘ನನ್ನ ಹೆಸರು ಫಾರಂನಲ್ಲಿ ಬರೆಯಬೇಡಿ, ನೀವೇ ತುಂಬಿದ್ದು ಎಂದು ಹೇಳಿ’ ಎನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಅರ್ಜಿಯ ಮೊದಲ ಸುಳ್ಳನ್ನು ಅವರು ನಿಮ್ಮ ಕೈಯಲ್ಲೇ ಬರೆಸುತ್ತಿದ್ದಾರೆ. ನಾಳೆ ತೊಂದರೆಯಾದರೆ ಅವರ ಹೆಸರು ಎಲ್ಲಿಯೂ ಇರುವುದಿಲ್ಲ.

ವರ್ಕ್ ಪರ್ಮಿಟ್ ಇರುವವರು ಅದರಲ್ಲಿ ಮುದ್ರಿಸಿರುವ ಷರತ್ತುಗಳನ್ನು ನಮ್ಮ ಜೊತೆ ಕೂತು ಓದಬೇಕು. ಯಾವ ಮಾಲೀಕರು, ಯಾವ ಹುದ್ದೆ, ಯಾವ ಸ್ಥಳ ಎಂದೆಲ್ಲ ಅದರಲ್ಲಿ ಕಟ್ಟಿಹಾಕಿದ್ದರೆ ಬೇರೆ ಕಡೆ ಒಂದು ದಿನದ ಕೂಲಿಯೂ ಉಲ್ಲಂಘನೆಯೇ. ಕಂಪನಿ ನೇಮಿಸಿದ ವಕೀಲರು ನಿಮ್ಮ ಅರ್ಜಿಯನ್ನು ನೋಡಿಕೊಳ್ಳುತ್ತಿದ್ದರೆ ಅವರು ಯಾರ ಪರ ಎಂದು ನೇರವಾಗಿ ಕೇಳಿ. ಕಂಪನಿಗೂ ನಿಮಗೂ ಹಿತ ಒಂದೇ ಇರುವವರೆಗೆ ತೊಂದರೆಯಿಲ್ಲ, ಕೆಲಸದಿಂದ ತೆಗೆದ ದಿನ ಅದು ಬೇರೆಯಾಗುತ್ತದೆ. ಅಮೆರಿಕದ ಎಚ್-1ಬಿ (ಪರಿಣತ ಕೆಲಸಗಾರರ) ವೀಸಾದವರಿಗೆ ಕೆಲಸ ಹೋದ ಮೇಲೆ ಅಲ್ಲಿ ಉಳಿಯಲು ಸಿಗುವುದು ಹೆಚ್ಚೆಂದರೆ 60 ದಿನ. ಕೆಲಸ ಹೋದ ದಿನವೇ ನಮಗೆ ಫೋನ್ ಮಾಡಿ, ಹೊಸ ಕೆಲಸ ಹುಡುಕಿದ ಮೇಲೆ ಹೇಳೋಣ ಎಂದು ಕಾಯಬೇಡಿ.

ಪಿಆರ್ ಇರುವವರದೂ ಅದಕ್ಕೆ ಕಾಯುತ್ತಿರುವವರದೂ ಬಹುಮಟ್ಟಿಗೆ ದಿನಗಳ ಲೆಕ್ಕ. ಕೆನಡಾದಲ್ಲಿ 5 ವರ್ಷಗಳಲ್ಲಿ 730 ದಿನ ಅಲ್ಲಿ ವಾಸವಿರಬೇಕು. ಬ್ರಿಟನ್‌ನಲ್ಲಿ ಕೆಲಸದ ವೀಸಾದಿಂದ ಕಾಯಂ ವಾಸಕ್ಕೆ ಹೋಗುವವರು ಯಾವ 12 ತಿಂಗಳಲ್ಲೂ 180 ದಿನಕ್ಕಿಂತ ಹೆಚ್ಚು ಹೊರಗಿರಬಾರದು. ಪ್ರಯಾಣದ ಟಿಕೆಟ್‌ಗಳನ್ನು ಎಸೆಯಬೇಡಿ. ನೆನಪಿನಿಂದ ಬರೆದ ತಾರೀಖೂ ಪಾಸ್‌ಪೋರ್ಟಿನ ಮುದ್ರೆಯೂ ಹೊಂದದಿದ್ದರೆ ಪ್ರಶ್ನೆ ಏಳುತ್ತದೆ.

ಇನ್ನು ಆಶ್ರಯದ ಪ್ರಕರಣಗಳು. ಈ ಹೊಸ ಕ್ರಮ ಹುಟ್ಟಿದ್ದೇ ಇವುಗಳಿಂದ.

1951ರ ಜುಲೈನಲ್ಲಿ ಜಿನೀವಾದಲ್ಲಿ ಒಪ್ಪಿದ ನಿರಾಶ್ರಿತರ ಒಪ್ಪಂದ ಶುರುವಿನಲ್ಲಿ 1951ಕ್ಕೂ ಮೊದಲಿನ ಘಟನೆಗಳಿಗೆ ಸೀಮಿತವಾಗಿತ್ತು, ಅವು ಯುರೋಪಿನವೇ ಆಗಿರಬೇಕೆಂದು ಮಿತಿ ಹಾಕಿಕೊಳ್ಳಲೂ ದೇಶಗಳಿಗೆ ಅವಕಾಶವಿತ್ತು. 1967ರ ಪೂರಕ ಒಪ್ಪಂದ ಆ ಗಡಿಗಳನ್ನು ತೆಗೆಯಿತು. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು, ಈ ಐದರಲ್ಲಿ ಒಂದರ ಕಾರಣಕ್ಕೆ ಕಿರುಕುಳದ ಭಯವಿದೆ, ಆ ಭಯಕ್ಕೆ ಆಧಾರವಿದೆ ಎಂದು ಅರ್ಜಿದಾರರು ತೋರಿಸಬೇಕು. ಬರೀ ಕಷ್ಟ ಹೇಳಿಕೊಂಡರೆ ಸಾಲದು. ಆ ಕಷ್ಟ ಯಾಕೆ ಬಂತು, ಯಾರಿಂದ ಬಂತು, ಪೊಲೀಸರು ಯಾಕೆ ಕಾಪಾಡಲಿಲ್ಲ, ಅದೇ ದೇಶದ ಬೇರೆ ಊರಿಗೆ ಹೋಗಿ ಬದುಕಲು ಯಾಕೆ ಆಗಲಿಲ್ಲ ಎಂಬುದು ಬರಬೇಕು. ಅನುಭವಿಸಿದ ಸಂಗತಿಗಳನ್ನು ಕಾನೂನು ಕೇಳುವ ಪ್ರಶ್ನೆಗಳಿಗೆ ಜೋಡಿಸುವುದು ವಕೀಲರ ಕೆಲಸ. ಹೊಸ ಸಂಗತಿ ಸೇರಿಸುವುದಲ್ಲ. ‘ಗೆಲ್ಲುವ ಕಥೆ’ ಬರೆದುಕೊಡುತ್ತೇವೆ ಎನ್ನುವವರು ನಿಮ್ಮ ನಿಜವಾದ ಪ್ರಕರಣವನ್ನೇ ಕೊಲ್ಲುತ್ತಾರೆ.

ಈ ಪ್ರಕರಣಗಳು ಬಹಳಷ್ಟು ಸಲ ನಿಲ್ಲುವುದೂ ಬೀಳುವುದೂ ನಂಬಿಕೆಯ ಮೇಲೆ, ನಂಬಿಕೆ ತಾರೀಖುಗಳ ಮೇಲೆ. ಇರಾನ್, ಅಫ್ಘಾನಿಸ್ತಾನದ ಕಡೆಯವರು ಸೌರ ಹಿಜರಿ ಪಂಚಾಂಗದಲ್ಲಿ ಲೆಕ್ಕ ಹಾಕುತ್ತಾರೆ. ಅವರ ವರ್ಷ ಶುರುವಾಗುವುದು ಮಾರ್ಚ್ ಮೂರನೇ ವಾರದಲ್ಲಿ. ‘ನನ್ನನ್ನು ಬಂಧಿಸಿದ್ದು 1385, ಮೂರನೇ ತಿಂಗಳು’ ಎಂದು ಒಬ್ಬರು ಹೇಳಿದರೆ ಅದು 2006ರ ಮೇ ಕೊನೆಯಿಂದ ಜೂನ್ ಮೂರನೇ ವಾರದವರೆಗಿನ ಅವಧಿ. ಅವಸರದ ದುಭಾಷಿ ಮೂರನೇ ತಿಂಗಳೆಂದರೆ ಮಾರ್ಚ್ ಎಂದು ಬರೆದುಬಿಡುತ್ತಾನೆ. ಆಸ್ಪತ್ರೆಯ ಚೀಟಿಯಲ್ಲಿ ಜೂನ್ ಇರುತ್ತದೆ. ಬಂಧಿಸಿದ್ದು ಮಾರ್ಚ್‌ನಲ್ಲಿ, ಬಿಟ್ಟದ್ದು ಮರುದಿನ, ಗಾಯಕ್ಕೆ ಮದ್ದು ಹಾಕಿದ್ದು ಜೂನ್‌ನಲ್ಲಿ ಎಂದು ಅಧಿಕಾರಿ ಓದುತ್ತಾನೆ. ಇಥಿಯೋಪಿಯಾದ ಪಂಚಾಂಗವಂತೂ ಏಳೆಂಟು ವರ್ಷ ಹಿಂದಿದೆ, ಅದರಲ್ಲಿ ತಿಂಗಳುಗಳು 13. ಇಂಥ ತಪ್ಪು ಒಂದು ಕಡೆ ಸಿಕ್ಕರೆ ಇಡೀ ಹೇಳಿಕೆಯ ಮೇಲೆ ಅನುಮಾನ ಹರಡುತ್ತದೆ. ಹೀಗಾಗಿ ಓದಿ ಹೇಳುವಾಗ ನಾವು ತಾರೀಖುಗಳನ್ನು ನಿಮ್ಮ ಪಂಚಾಂಗದಲ್ಲೇ ಬರೆದುಕೊಂಡು, ಪರಿವರ್ತನೆಯನ್ನು ಪಕ್ಕದಲ್ಲಿ ಇಟ್ಟು, ಎರಡನ್ನೂ ನಿಮಗೆ ಕೇಳಿಸುತ್ತೇವೆ. ಖಚಿತ ದಿನ ನೆನಪಿಲ್ಲದಿದ್ದರೆ ‘ನೆನಪಿಲ್ಲ, ಚಳಿಗಾಲ ಮುಗಿಯುತ್ತಿತ್ತು’ ಎಂದೇ ಬರೆಯುತ್ತೇವೆ. ಅಂದಾಜಿನ ತಾರೀಖಿಗಿಂತ ಅದು ಸಾವಿರ ಪಾಲು ವಾಸಿ.

ಮನೆಯವರು ದುಭಾಷಿಯಾಗಬಾರದು ಎಂಬ ನಿಯಮಕ್ಕೆ ಕೆಲವರು ಬೇಸರಪಟ್ಟಿದ್ದೀರಿ. ಪ್ರೀತಿಯಿಂದ ಜೊತೆಗೆ ಬರುವವರನ್ನು ಹೊರಗೆ ಕೂರಿಸುವುದು ನಮಗೂ ಸುಲಭವಲ್ಲ. ಆದರೆ ಮೈದುನ ಪಕ್ಕದಲ್ಲಿ ಕೂತು ಭಾಷಾಂತರ ಮಾಡುತ್ತಿರುವಾಗ ಹೆಣ್ಣುಮಗಳೊಬ್ಬಳು ‘ಹೊಡೆದರು’ ಎಂಬಲ್ಲಿಗೆ ಮಾತು ನಿಲ್ಲಿಸುತ್ತಾಳೆ. ಮಗ ಕೂತಿದ್ದರೆ ತಂದೆ ಜೈಲಿನಲ್ಲಿ ಆದದ್ದನ್ನು ಬಾಯಿ ಬಿಡುವುದಿಲ್ಲ. ಹೇಳದೆ ಉಳಿದದ್ದು ವಿಚಾರಣೆಯ ದಿನ ಹೊರಬಂದರೆ, ‘ಮೊದಲೇ ಯಾಕೆ ಹೇಳಲಿಲ್ಲ?’ ಎಂಬ ಪ್ರಶ್ನೆ ಎದುರಾಗುತ್ತದೆ. ಇನ್ನು ಮುಂದೆ ಗಂಡ ಹೆಂಡತಿಯನ್ನು ಬೇರೆ ಬೇರೆಯಾಗಿ ಭೇಟಿ ಮಾಡುತ್ತೇವೆ. ಆಶ್ರಯ ಕೇಳಲು ಹೆಂಡತಿಗೆ ಗಂಡನದಲ್ಲದ, ತನ್ನದೇ ಆದ ಆಧಾರ ಇರಬಹುದು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಯಾವಾಗ, ಎಷ್ಟು ತಿಳಿಯಬಹುದು ಎಂಬುದನ್ನು ಮೊದಲ ದಿನವೇ ಇಬ್ಬರಿಗೂ ಹೇಳಿ ಬರವಣಿಗೆಯಲ್ಲಿ ಕೊಡುತ್ತೇವೆ. ಮಹಿಳಾ ದುಭಾಷಿ, ಮಹಿಳಾ ವಕೀಲರು ಬೇಕೆಂದರೆ ಕೇಳಿ, ಕಾರಣ ಹೇಳಬೇಕಿಲ್ಲ.

ಆಶ್ರಯ ಈಗಾಗಲೇ ಸಿಕ್ಕವರು ಒಂದು ವಿಷಯ ಗಮನದಲ್ಲಿಡಿ. ಬಿಟ್ಟು ಬಂದ ದೇಶದ ಪಾಸ್‌ಪೋರ್ಟನ್ನು ಅದೇ ದೇಶದ ದೂತಾವಾಸದಲ್ಲಿ ನವೀಕರಿಸಿಕೊಂಡರೆ, ಆ ದೇಶದ ರಕ್ಷಣೆಯನ್ನು ಮತ್ತೆ ಒಪ್ಪಿಕೊಂಡಿದ್ದೀರಿ ಎಂದು ವಾದಿಸಲು ಅವಕಾಶವಾಗುತ್ತದೆ. ಕೆನಡಾದಲ್ಲಿ 2012ರ ತಿದ್ದುಪಡಿಯ ನಂತರ ಇದರಿಂದ ಪಿಆರ್ ಕೂಡ ಹೋಗಬಹುದು. ಕಾಯಿಲೆ ಬಿದ್ದ ತಾಯಿಯನ್ನು ನೋಡಲೇಬೇಕು ಎನ್ನುವ ಸಂಕಟ ನಮಗೆ ಅರ್ಥವಾಗುತ್ತದೆ. ಟಿಕೆಟ್ ಕೊಳ್ಳುವ ಮೊದಲು ದಯವಿಟ್ಟು ನಮ್ಮ ಜೊತೆ ಮಾತಾಡಿ.

ಗಡುವು ಹತ್ತಿರವಿದ್ದರೆ ಏನು ಎಂದು ಹಲವರು ಕೇಳಿದ್ದೀರಿ. ಅಮೆರಿಕದಲ್ಲಿ ಆಶ್ರಯದ ಅರ್ಜಿಯನ್ನು ಬಂದ 1 ವರ್ಷದೊಳಗೆ ಹಾಕಬೇಕು, ವಿನಾಯಿತಿಗಳು ಕಡಿಮೆ. ಮೇಲ್ಮನವಿಗೆ ಎಷ್ಟೋ ಕಡೆ ಸಿಗುವುದು ಕೆಲವೇ ದಿನ. ಅಂಥ ಸಂದರ್ಭದಲ್ಲಿ ಅದೇ ದಿನ ದುಭಾಷಿಯನ್ನು ಫೋನಿನಲ್ಲಿ ಹಿಡಿದು, ಸಂಜೆಯಾದರೂ ಸರಿ, ಓದಿ ಮುಗಿಸುತ್ತೇವೆ. ತಿರಸ್ಕಾರದ ಪತ್ರ ಬಂದರೆ ಲಕೋಟೆ ಸಮೇತ ಆ ದಿನವೇ ತನ್ನಿ. ಗಡುವು ಎಂದಿನಿಂದ ಶುರುವಾಗುತ್ತದೆ ಎನ್ನಲು ಕೆಲವೊಮ್ಮೆ ಲಕೋಟೆಯ ಮೇಲಿನ ಅಂಚೆ ಮುದ್ರೆಯೇ ಸಾಕ್ಷಿ.

ಫಲಿತಾಂಶದ ಭರವಸೆಯನ್ನು ನಾವು ಯಾರಿಗೂ ಕೊಡುವುದಿಲ್ಲ, ತೀರ್ಮಾನ ನಮ್ಮ ಕೈಯಲ್ಲಿಲ್ಲ. ನಿಮ್ಮ ಹೆಸರಿನಲ್ಲಿ ಹೋಗುವ ಪ್ರತಿ ಮಾತೂ ನಿಮ್ಮದೇ ಆಗಿರುತ್ತದೆ, ಅದು ನಿಮಗೆ ಗೊತ್ತಿರುತ್ತದೆ ಎಂಬ ಭರವಸೆ ಕೊಡಬಲ್ಲೆವು.

ಅರ್ಜಿ ಈಗಾಗಲೇ ನಡೆಯುತ್ತಿರುವವರಿಗೆ ನಾವೇ ಫೋನ್ ಮಾಡಿ ದಿನ ಗೊತ್ತುಮಾಡುತ್ತೇವೆ. ಬರುವಾಗ ಹಿಂದೆ ಯಾವ ದೇಶಕ್ಕೆ ಯಾವ ಅರ್ಜಿ ಹಾಕಿದ್ದರೂ ಅದರ ಪ್ರತಿ, ಹಳೆಯ ಪಾಸ್‌ಪೋರ್ಟ್‌ಗಳು, ನಿರಾಕರಣೆಯ ಪತ್ರಗಳು ಎಲ್ಲವನ್ನೂ ತನ್ನಿ. ಪ್ರತಿಗಳು ಹಿಂದಿನ ಏಜೆಂಟ್ ಬಳಿ ಉಳಿದಿದ್ದರೆ ಈಗಲೇ ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ನಮಗೆ ತಿಳಿಸಿ, ಸರ್ಕಾರದ ಬಳಿ ಇರುವ ನಿಮ್ಮ ಕಡತದ ನಕಲು ಪಡೆಯಲು ನಾವು ಅರ್ಜಿ ಹಾಕುತ್ತೇವೆ. ಯಾವ ಭಾಷೆಯಲ್ಲಿ, ಯಾವ ಆಡುಮಾತಿನಲ್ಲಿ ಓದಿ ಹೇಳಬೇಕು ಎಂಬುದನ್ನು ಭೇಟಿಗೆ ಒಂದು ವಾರ ಮೊದಲೇ ತಿಳಿಸಿ.

ವಿಶ್ವಾಸದಿಂದ,
ನಿಮ್ಮ ವಕೀಲರು ಮತ್ತು ಕಚೇರಿಯ ಸಿಬ್ಬಂದಿ