ಕಿಮೋ ಔಷಧಿ ಬೆರೆಸುವುದು ಯಾರಾದರೂ ಮಾಡುವ ಕೆಲಸವಲ್ಲ

ಮಾನ್ಯ ಸಂಪಾದಕರೇ,

ನಮ್ಮ ಉತ್ತರ ಕನ್ನಡ ಜಿಲ್ಲೆಯ ಆಸ್ಪತ್ರೆಯಲ್ಲಿ ಸೋಮವಾರ ಕಿಮೋಗೆ, ಅಂದರೆ ಕ್ಯಾನ್ಸರ್ ಔಷಧಿ ಹಾಕಿಸಿಕೊಳ್ಳಲು, ಬಂದವರನ್ನು ಬಾಗಿಲಿಂದಲೇ ವಾಪಸ್ ಕಳಿಸಿದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಡೇ ಕೇರ್ ಘಟಕಕ್ಕಿದ್ದ ಒಬ್ಬರೇ ಒಬ್ಬರು ಫಾರ್ಮಸಿಸ್ಟ್‌ರನ್ನು ಬೇರೆ ಕಡೆಗೆ ನಿಯೋಜನೆ ಮಾಡಿದ್ದೇ ಕಾರಣ ಎಂದೂ ಬರೆದಿದ್ದೀರಿ. ಆದರೆ ಸುದ್ದಿಯ ಕೊನೆಗೆ ಅಧಿಕಾರಿಯೊಬ್ಬರ ಮಾತಿದೆ ನೋಡಿ, ‘ಔಷಧಿ ಕೊಡಲು ಬದಲಿ ವ್ಯವಸ್ಥೆ ಮಾಡುತ್ತೇವೆ’ ಅಂತ, ಅದನ್ನು ಓದಿ ಮೈಯೆಲ್ಲ ಉರಿಯಿತು. ಕಿಟಕಿಯಲ್ಲಿ ಕೂತು ಮಾತ್ರೆ ಎಣಿಸಿ ಕೊಡುವ ಕೆಲಸ ಎಂದು ತಿಳಿದವರ ಬಾಯಲ್ಲಿ ಮಾತ್ರ ಇಂಥ ಮಾತು ಬರುತ್ತದೆ.

ವಾಪಸ್ ಹೋದವರ ಕಷ್ಟ ಏನೆಂದು ಯಾರಾದರೂ ಕೇಳಿದರೇ? ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕಿಮೋ ಔಷಧಿ ಹಾಕಿಸಿಕೊಳ್ಳುವವರು ಬೆಳಿಗ್ಗೆ 10ಕ್ಕೆ ಡ್ರಿಪ್ ಎಂದರೆ ಹಿಂದಿನ ರಾತ್ರಿ 10ಕ್ಕೆ 4 ಮಿ.ಗ್ರಾಂನ ಡೆಕ್ಸಾಮೆಥಾಸೋನ್ ಮಾತ್ರೆ ಐದು, ನಸುಕಿನ 4ಕ್ಕೆ ಎದ್ದು ಇನ್ನೂ ಐದು ನುಂಗಿರುತ್ತಾರೆ. ಔಷಧಿ ಮೈಗೆ ಒಗ್ಗದೆ ಉಸಿರು ಕಟ್ಟಬಾರದೆಂದು ಈ ಸ್ಟೀರಾಯ್ಡ್. ನುಂಗಿದ ರಾತ್ರಿ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ, ಹೊಟ್ಟೆ ಉರಿ, ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಸರ್‍ರನೆ ಏರುತ್ತದೆ. ಅಷ್ಟೂ ಅನುಭವಿಸಿ ಬಂದವರಿಗೆ ‘ಇವತ್ತಿಲ್ಲ’ ಎಂದರು. ಮುಂದಿನ ತಾರೀಖಿಗೆ ಆ ಹತ್ತು ಮಾತ್ರೆ ಪುನಃ ಮೊದಲಿನಿಂದ. ಶನಿವಾರ ಕೊಟ್ಟ ರಕ್ತದ ಪರೀಕ್ಷೆಯೂ ಹಳತಾಯಿತು, ಮತ್ತೆ ಸೂಜಿ. ಜೋಯಿಡಾ ಕಡೆಯವರು ಮೊದಲ ಬಸ್ಸಿಗೆ ಬಂದಿದ್ದರು, ಜೊತೆಗೆ ಬಂದವರ ಒಂದು ದಿನದ ಕೂಲಿ ಹೋಯಿತು. 21 ದಿನಕ್ಕೊಮ್ಮೆ ಬರಬೇಕಾದ ಸೈಕಲ್, ಅಂದರೆ ಕಿಮೋ ಸುತ್ತು, ಹಿಂದೆ ಬಿತ್ತು. ವಾಪಸ್ ಹೋದವರಲ್ಲಿ ನಮ್ಮ ಅತ್ತಿಗೆಯೂ ಒಬ್ಬರು.

ಈಗ ಆ ‘ಔಷಧಿ ಕೊಡುವ’ ಕೆಲಸ ಏನೆಂದು ಹೇಳುತ್ತೇನೆ. ಡಾಕ್ಟರು ಬರೆದ ಚೀಟಿ ಬಂದ ಕೂಡಲೇ ಫಾರ್ಮಸಿಸ್ಟ್ ಡೋಸನ್ನು ತಾವೇ ಇನ್ನೊಮ್ಮೆ ಲೆಕ್ಕ ಹಾಕಬೇಕು. 150 ಸೆಂ.ಮೀ. ಎತ್ತರ, 54 ಕೆ.ಜಿ. ತೂಕದ ಹೆಂಗಸು ಎನ್ನಿ. ಎರಡನ್ನೂ ಗುಣಿಸಿ 3,600ರಿಂದ ಭಾಗಿಸಿದರೆ 2.25, ಅದರ ವರ್ಗಮೂಲ 1.5 ಚದರ ಮೀಟರ್, ಅದೇ ಅವರ ದೇಹದ ಮೇಲ್ಮೈ ವಿಸ್ತೀರ್ಣ. ಚದರ ಮೀಟರಿಗೆ 175 ಮಿ.ಗ್ರಾಂನಂತೆ ಪ್ಯಾಕ್ಲಿಟ್ಯಾಕ್ಸೆಲ್ ಸುಮಾರು 262 ಮಿ.ಗ್ರಾಂ. ಊಟ ಸೇರದೆ ಅವರೇ 45 ಕೆ.ಜಿ.ಗೆ ಇಳಿದರೆ ಕೊಡಬೇಕಾದ್ದು 240. ಹಳೇ ಚೀಟಿಯ ತೂಕವನ್ನೇ ನಕಲು ಮಾಡಿಕೊಂಡು ಹೋದರೆ ಪ್ರತಿ ಸಲವೂ ಹೆಚ್ಚಿನ ವಿಷ ಒಳಗೆ ಹೋಗುತ್ತದೆ. ತೂಕದ ಮಷಿನ್ ಮೇಲೆ ರೋಗಿಯನ್ನು ನಿಲ್ಲಿಸಿದಿರಾ ಎಂದು ಕೇಳುವವರು ಇವರೇ.

ಆಮೇಲೆ ಯಾವ ಕ್ಯಾನ್ಸರ್ ಔಷಧಿಯನ್ನು ಯಾವ ಸಲೈನಿನಲ್ಲಿ ಬೆರೆಸಬೇಕು ಎಂಬ ಪ್ರಶ್ನೆ. ಆಕ್ಸಾಲಿಪ್ಲಾಟಿನ್‌ಗೆ 5% ಡೆಕ್ಸ್‌ಟ್ರೋಸ್ (ಸಕ್ಕರೆ ನೀರು) ಮಾತ್ರ, ಉಪ್ಪಿನ ಸಲೈನ್‌ನಲ್ಲಿರುವ ಕ್ಲೋರೈಡ್ ಸೇರಿದರೆ ಔಷಧಿ ಕೆಡುತ್ತದೆ. ಸಿಸ್ಪ್ಲಾಟಿನ್‌ಗೆ ಅದೇ ಕ್ಲೋರೈಡ್ ಬೇಕೇ ಬೇಕು, ಮತ್ತೆ ಅದನ್ನು ಫ್ರಿಜ್ಜಿಗಿಟ್ಟರೆ ಹರಳುಗಟ್ಟುತ್ತದೆ. ಟ್ರಾಸ್ಟುಜುಮಾಬ್‌ನದು ಬೇರೆಯೇ ಕಥೆ: ಡೆಕ್ಸ್‌ಟ್ರೋಸ್ ಆಗದು, ವಯಲ್ (ಔಷಧಿಯ ಸೀಸೆ) ಕುಲುಕಬಾರದು, ಮೆಲ್ಲಗೆ ತಿರುಗಿಸಬೇಕು, 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ನಮ್ಮ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ ಆ ಫ್ರಿಜ್ಜಿನ ಉಷ್ಣಾಂಶ ನೋಡಿ ಬರೆದಿಡುವವರು ಯಾರು? ಪ್ಯಾಕ್ಲಿಟ್ಯಾಕ್ಸೆಲ್‌ಗೆ ಮಾಮೂಲಿ ಪಿವಿಸಿ ಡ್ರಿಪ್ ಸೆಟ್ ನಡೆಯುವುದಿಲ್ಲ. ಔಷಧಿಯಲ್ಲಿರುವ ಎಣ್ಣೆಯಂಥ ದ್ರಾವಕ ಪ್ಲಾಸ್ಟಿಕ್‌ನೊಳಗಿನ ರಾಸಾಯನಿಕವನ್ನು ಎಳೆದುಕೊಂಡು ರಕ್ತಕ್ಕೆ ಸೇರಿಸುತ್ತದೆ. ಪಿವಿಸಿ ಇಲ್ಲದ ಸೆಟ್ಟು, ಸಾಲಿನಲ್ಲಿ ಸಣ್ಣ ಫಿಲ್ಟರು ಬೇಕು. ಸ್ಟೋರ್‌ನಲ್ಲಿ ಅದು ಖಾಲಿಯಾಗುವ ಮೊದಲೇ ಇಂಡೆಂಟ್ ಹಾಕುವುದೂ ಇವರ ಕೆಲಸವೇ.

ವಿನ್‌ಕ್ರಿಸ್ಟಿನ್ ವಿಷಯ ಬಿಡಿಸಿ ಹೇಳಲೇಬೇಕು. ರಕ್ತದ ಕ್ಯಾನ್ಸರಿನ ರೋಗಿಗೆ ಒಂದೇ ದಿನ ಬೆನ್ನುಹುರಿಯ ನೀರಿಗೆ ಒಂದು ಔಷಧಿ, ರಕ್ತನಾಳಕ್ಕೆ ವಿನ್‌ಕ್ರಿಸ್ಟಿನ್ ಎಂದು ಬರೆದಿರುತ್ತಾರೆ. ಎರಡೂ ಸಿರಿಂಜಿನಲ್ಲಿ ಬಂದು ಕೈತಪ್ಪಿ ವಿನ್‌ಕ್ರಿಸ್ಟಿನ್ ಬೆನ್ನಿಗೆ ಹೋದರೆ ರೋಗಿ ಉಳಿಯುವುದು ಇಲ್ಲವೆಂದೇ ಲೆಕ್ಕ. ಅದಕ್ಕೇ ಸಿರಿಂಜಿನಲ್ಲಿ ಕೊಡಬೇಡಿ, ಸಣ್ಣ ಬ್ಯಾಗಿನಲ್ಲಿ ತೆಳು ಮಾಡಿ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಎಚ್ಚರಿಸಿದೆ. 50 ಮಿ.ಲೀ. ಬ್ಯಾಗನ್ನು ಯಾರೂ ಬೆನ್ನಿಗೆ ಚುಚ್ಚಲು ಹೋಗುವುದಿಲ್ಲ. ಬದಲಿಗೆ ಬಂದವರಿಗೆ ಇದು ಗೊತ್ತಿದೆಯೇ?

ಇನ್ನು ಬೆರೆಸುವ ಜಾಗ. ಮೇಲಿಂದ ಗಾಳಿ ಇಳಿದು, ಸೂಕ್ಷ್ಮ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ದಾಟಿ ಹೊರಗೆ ಹೋಗುವ ಬಯೋಸೇಫ್ಟಿ ಕ್ಯಾಬಿನೆಟ್ ಬೇಕು. ಎದುರಿನಿಂದ ಮುಖಕ್ಕೆ ಗಾಳಿ ಬೀಸುವ ಲ್ಯಾಮಿನಾರ್ ಫ್ಲೋ ಮೇಜನ್ನು ತಂದಿಟ್ಟರೆ ಔಷಧಿ ಶುದ್ಧವಾಗಿರುತ್ತದೆ, ಬೆರೆಸುವವರ ಮೂಗಿಗೆ ವಿಷ ಹೋಗುತ್ತದೆ. ಕೈಗೆ ಎರಡೆರಡು ಗ್ಲೌಸ್, ಅರ್ಧ ಗಂಟೆಗೊಮ್ಮೆ ಬದಲು. ವಯಲ್‌ನಿಂದ 10 ಮಿ.ಲೀ. ತೆಗೆಯಬೇಕಿದ್ದರೆ ಅದಕ್ಕಿಂತ ಕಡಿಮೆ ಗಾಳಿಯನ್ನೇ ಒಳಗೆ ಬಿಡಬೇಕು. ಜಾಸ್ತಿ ತಳ್ಳಿದರೆ ಸೂಜಿ ಹೊರಗೆಳೆಯುವಾಗ ಡಾಕ್ಸೊರುಬಿಸಿನ್ ಎಂಬ ಕೆಂಪು ಕಿಮೋ ಔಷಧಿ ಪಿಚಕಾರಿಯ ಹಾಗೆ ಚಿಮ್ಮುತ್ತದೆ. ಹಿಂದೊಮ್ಮೆ ಹೀಗೇ ಫಾರ್ಮಸಿಸ್ಟ್ ಇಲ್ಲದ ದಿನ ಪಾಪ, ನರ್ಸ್ ಒಬ್ಬರು ಡ್ರೆಸಿಂಗ್ ಟ್ರಾಲಿಯ ಮೇಲೆ, ತಿರುಗುವ ಫ್ಯಾನಿನ ಕೆಳಗೆ, ಒಂದೇ ಗ್ಲೌಸಿನಲ್ಲಿ ಬೆರೆಸಿದ್ದನ್ನು ಕಂಡವರಿದ್ದಾರೆ. ಬಸುರಿ ಹೆಂಗಸರು ಹತ್ತಿರವೂ ಸುಳಿಯಬಾರದ ಕೆಲಸ ಅದು. ಆ ನರ್ಸನ್ನು ದೂರುವುದಿಲ್ಲ, ಕೂರಿಸಿದವರನ್ನು ದೂರುತ್ತೇನೆ.

ನಮ್ಮ ಜಿಲ್ಲೆಯ ರೋಗಿಯ ಫೈಲ್ ಹೇಗಿರುತ್ತದೆಂದರೆ, ಎರಡು ಸೈಕಲ್ ಹುಬ್ಬಳ್ಳಿಯದು, ಒಂದು ಮಣಿಪಾಲದ್ದು, ಉಳಿದದ್ದು ಇಲ್ಲಿ, ಎಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ. ಡಾಕ್ಸೊರುಬಿಸಿನ್‌ಗೆ ಜೀವಮಾನದ ಮಿತಿ ಇದೆ, ಚದರ ಮೀಟರಿಗೆ 450ರಿಂದ 550 ಮಿ.ಗ್ರಾಂ ದಾಟಿದರೆ ಹೃದಯಕ್ಕೇ ಪೆಟ್ಟು. ಮೂರೂರಿನ ಚೀಟಿ ಬಿಡಿಸಿ ಕೂಡಿಸಿ ನೋಡುವುದು ಕಿಮೋ ಫಾರ್ಮಸಿಸ್ಟ್. ಮನೆಯಲ್ಲಿ ಯಾವ ಬೇರಿನ ಕಷಾಯ ಕುಡಿಯುತ್ತಿದ್ದೀರಿ, ಹಿತ್ತಲ ಚಕ್ಕೋತ ತಿನ್ನುತ್ತೀರಾ ಎಂದು ಕೇಳುವುದೂ ಅವರೇ. ಕೆಲವು ಕ್ಯಾನ್ಸರ್ ಮಾತ್ರೆಗಳ ಮಟ್ಟ ಚಕ್ಕೋತ ಜಾತಿಯ ಹಣ್ಣಿನಿಂದ ರಕ್ತದಲ್ಲಿ ಏರುತ್ತದೆ. ಇದನ್ನು ಒ.ಪಿ.ಡಿ. ಗದ್ದಲದಲ್ಲಿ ಕೇಳಲು ಡಾಕ್ಟರಿಗೆ ಪುರಸೊತ್ತಿಲ್ಲ.

ಇಷ್ಟಕ್ಕೂ ನಮಗೆ ಬೇರೆ ದಾರಿ ಎಲ್ಲಿದೆ? 2022ರಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಇಡೀ ಜಿಲ್ಲೆ ಕೂಗಿತು, ಎಲ್ಲ ಪಕ್ಷದವರೂ ಬಂದು ತಲೆಯಾಡಿಸಿ ಹೋದರು. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದು ಮಣಿಪಾಲದ ದಾರಿಯೇ ಬಂದಾಯಿತು, ಮರು ತಿಂಗಳು ಗೋವಾ ದಾರಿಯ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಹುಬ್ಬಳ್ಳಿಗೆ ಹೋಗಬೇಕೆಂದರೆ ಅರಬೈಲ್ ಘಟ್ಟ ಹತ್ತಬೇಕು, ವಾಂತಿ ಬರುವ ರೋಗಿಯನ್ನು ಕೂರಿಸಿಕೊಂಡು. ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ ಎಂದು 2025ರ ಕೇಂದ್ರ ಬಜೆಟ್ಟಿನಲ್ಲೇ ಹೇಳಿದ್ದಾರೆ. ಕುರ್ಚಿ, ಟಿವಿ, ಬೋರ್ಡು ತರುವುದು ಸುಲಭ. ಬರುವ ಅಧಿಕಾರಿಗಳೆಲ್ಲ ರಿಬ್ಬನ್ ಕತ್ತರಿಸಿ ಫೋಟೊ ತೆಗೆಸಿಕೊಂಡು ವರ್ಗ ಮಾಡಿಸಿಕೊಳ್ಳುತ್ತಾರೆ, ಲಿಫ್ಟ್ ಕೆಟ್ಟರೆ ರಿಪೇರಿಗೆ ಸಹಿ ಹಾಕಲು ಒಬ್ಬರೂ ಸಿಗುವುದಿಲ್ಲ.

ಆ ಫಾರ್ಮಸಿಸ್ಟ್‌ರ ನಿಯೋಜನೆ ಇವತ್ತೇ ರದ್ದಾಗಬೇಕು. ಒಬ್ಬರಿದ್ದರೂ ಸಾಲದು, ರಜೆಗೆ ಬದಲಿ ನಿಲ್ಲಲು ಇನ್ನೊಬ್ಬರಿಗೆ ಬೆಂಗಳೂರಿನ ಕಿದ್ವಾಯಿಯಂಥ ಕಡೆ ತರಬೇತಿ ಕೊಡಿಸಿ ಕೂರಿಸಬೇಕು. ಕ್ಯಾಬಿನೆಟ್ಟಿನ ಫಿಲ್ಟರ್ ಪರೀಕ್ಷೆ ಮಾಡಿಸಿ ಎಷ್ಟು ಕಾಲವಾಯಿತೆಂದು ಜನರಿಗೆ ತಿಳಿಸಬೇಕು. ಇದ್ಯಾವುದೂ ಆಗದಿದ್ದರೆ ಹಿಂದಿನ ರಾತ್ರಿ ಆ ಹತ್ತು ಮಾತ್ರೆ ನುಂಗುವ ಮೊದಲೇ ರೋಗಿಗಳಿಗೆ ಒಂದು ಫೋನ್ ಆದರೂ ಮಾಡಿ. ಅಷ್ಟೂ ಮಾಡಲಾಗದವರು ಆ ಕುರ್ಚಿಯಲ್ಲಿ ಯಾಕೆ ಕೂತಿದ್ದಾರೆ?

– ನಿವೃತ್ತ ಆಸ್ಪತ್ರೆ ಫಾರ್ಮಸಿಸ್ಟ್, ಅಂಕೋಲಾ