ಡಿಎಲ್ ಮೆಟ್ಟಿಲು ಮೆಟ್ಟಿಲಾಗಿ ಸಿಗಲಿ

18 ತುಂಬಿದವರಿಗೆ ಎಲ್‌ಎಲ್‌ಆರ್ ಸಿಕ್ಕ 30 ದಿನ ಕಳೆದರೆ ಸಾಕು, ಪರೀಕ್ಷೆ ಪಾಸಾಗಿ ಪೂರ್ತಿ ಡಿಎಲ್ ಪಡೆಯಬಹುದು. ಈ ಪದ್ಧತಿ ಬದಲಾಗಬೇಕು. ಮೊನ್ನೆ ರಾತ್ರಿ ಹನ್ನೊಂದರ ಹೊತ್ತಿಗೆ ನಮ್ಮ ಬೀದಿಯ ಹುಡುಗನೊಬ್ಬ, ಡಿಎಲ್ ಬಂದು ವಾರವೂ ಆಗಿಲ್ಲ, ಕಾರಿನಲ್ಲಿ ನಾಲ್ವರು ಗೆಳೆಯರನ್ನು ತುಂಬಿಕೊಂಡು ಹೊರಟ. ಹಾಡು ಜೋರು, ಇಂಡಿಕೇಟರ್ ಇಲ್ಲ, ಹಂಪ್ ಮೇಲೆ ಕಾರು ಹಾರಿತು. ಅಷ್ಟು ಹೊತ್ತಿನಲ್ಲಿ ಗೆಳೆಯರ ಜೊತೆ ಹೋಗಲು ಕಾನೂನಿನ ಅಡ್ಡಿಯೇನೂ ಇಲ್ಲ, ಅಲ್ವಾ!

ನ್ಯೂಜಿಲೆಂಡ್ 1987ರಲ್ಲೇ ಹಂತ ಹಂತದ ಲೈಸೆನ್ಸ್ ತಂದಿತು. ಅಲ್ಲಿ ನಡುವಿನ ಹಂತದವರು ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಬ್ಬರೇ ಕಾರು ಓಡಿಸುವಂತಿಲ್ಲ. ಪಕ್ಕದಲ್ಲಿ ಅನುಭವಿ ಚಾಲಕರಿಲ್ಲದೆ ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ನಮ್ಮಲ್ಲೂ ಹೊಸಬರಿಗೆ ಮೊದಲ ಒಂದು ವರ್ಷವಾದರೂ ಇಂಥ ಮಿತಿ ಹಾಕಲಿ.

– ಒಬ್ಬ ಪೋಷಕ, ಮೈಸೂರು